ಬಿಡುವ ಹರಕೆ

ನಲವತ್ತೈದನೆಯ ವಯಸ್ಸಿನಲ್ಲಿ ನನ್ನ ಬಲಗಾಲಿನ ಎಲುಬಿನಲ್ಲಿ, ಮೊಣಕಾಲಿಗಿಂತ ಒಂದು ಗೇಣು ಕೆಳಗೆ, ಒಂದು ಗೆರೆ ಬಿತ್ತು. ಆ ಗೆರೆಯ ದೆಸೆಯಿಂದ ಮ್ಯಾರಥಾನ್ ಓಡಲಾಗಲಿಲ್ಲವೆಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಸುಳ್ಳಲ್ಲ. ಆದರೆ ಆರು ವಾರ ಸುಮ್ಮನಿದ್ದರೆ ತಾನಾಗಿ ಕೂಡಿಕೊಳ್ಳಬೇಕಿದ್ದ ಗೆರೆಯನ್ನು ಮುರಿಯುವ ತನಕ ಒಯ್ದವನು ನಾನೇ. ಅದೂ ಹೆಂಡತಿಯ ಮೇಲಿನ ಸಿಟ್ಟಿನಿಂದ, ಅವಳು ಆಡದ ಒಂದು ಮಾತಿಗಾಗಿ.

ಆಗ ನಾವು ಮಸ್ಕತ್‌ನ ವಾದಿ ಅದಾಯ್‌ನಲ್ಲಿ ಟೈರಿನ ಶೋರೂಮೊಂದರ ಮೇಲೆ, ಎರಡನೇ ಮಹಡಿಯಲ್ಲಿ ಇದ್ದೆವು. ಎಂಬತ್ತರ ದಶಕದ ಮೊದಲಲ್ಲಿ ನಾನೊಬ್ಬನೇ ಬಂದವನು. ಫ್ಯಾಮಿಲಿ ವೀಸಾ ಸಿಕ್ಕಿ ಹೆಂಡತಿಯೂ ಮಗಳೂ ಮಂಗಳೂರಿನಿಂದ ಬಂದು ಸೇರುವಾಗ ಆ ದಶಕ ಅರ್ಧ ದಾಟಿತ್ತು. ಹೆಂಡತಿಗೆ ಇಂಡಿಯನ್ ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ನನ್ನದು ಘಾಲಾದಲ್ಲಿ, ಲಾರಿಗಳ ಬಿಡಿಭಾಗದ ಸ್ಟೋರು. ಕಂಪನಿಯ ಪಿಕಪ್ ಬೆಳಿಗ್ಗೆ ಏಳಕ್ಕೆ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಅಷ್ಟರೊಳಗೆ ನಾನು ಓಡಿ, ಸ್ನಾನ ಮಾಡಿ, ತಿಂಡಿ ತಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಯಾರಾಗಿರುತ್ತಿದ್ದೆ.

ಓಡಲು ಶುರುಮಾಡಿದ್ದು ಆರೋಗ್ಯದ ಆಸೆಯಿಂದಲ್ಲ, ಹೆದರಿಕೆಯಿಂದ. ಒಂದು ರಜೆಯಲ್ಲಿ ನಾವು ಊರಿಗೆ ಹೋಗಿದ್ದಾಗ ನನ್ನ ಅಣ್ಣ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯಲು ಎದ್ದವನು ಹಾಗೆಯೇ ಕುಸಿದ. ನೀರಿನ ತಂಬಿಗೆ ಹಿಡಿದು ನಿಂತಿದ್ದವಳು ನನ್ನ ಹೆಂಡತಿ. ಆಸ್ಪತ್ರೆಗೆ ಒಯ್ಯುವ ಪ್ರಸಂಗವೇ ಬರಲಿಲ್ಲ. ಅಣ್ಣನಿಗೆ ನಲವತ್ತೇಳು. ಅಪ್ಪನೂ ಹೆಚ್ಚು ಕಡಿಮೆ ಅದೇ ವಯಸ್ಸಿನಲ್ಲಿ ಹೋದವರು. ಮಸ್ಕತ್‌ಗೆ ಮರಳಿದ ವಾರವೇ ನಾನು ರೂವಿಯ ಅಂಗಡಿಯಿಂದ ಒಂದು ಜೊತೆ ಬೂಟು ತಂದೆ. ಮೊದಲ ದಿನ ರೌಂಡಬೌಟ್‌ವರೆಗೆ ಓಡಿ ಅಲ್ಲಿ ಕೂತು ಕೆಮ್ಮಿದ್ದು ನೆನಪಿದೆ.

ಐದಾರು ವರ್ಷಗಳಲ್ಲಿ ರೌಂಡಬೌಟ್ ಹಿಂದೆ ಬಿತ್ತು. ಖುರಿಯಾತ್ ಕಡೆಗೆ ಹೋಗುವ ಕಣಿವೆಯ ರಸ್ತೆಯಲ್ಲಿ, ಎರಡೂ ಕಡೆ ಬೋಳು ಬಂಡೆಯ ನಡುವೆ, ಇಪ್ಪತ್ತು ಕಿಲೋಮೀಟರ್ ಓಡಿ ಬರುವುದು ನನಗೆ ವಿಶೇಷ ಅನ್ನಿಸುತ್ತಿರಲಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಒಂದು ಬೇಸಿಗೆ, ಅಲ್ಲಿದ್ದ ಬಿಳಿಯರ ಓಟದ ಕೂಟವೊಂದು ಬರುವ ಜನವರಿಯ ಕೊನೆಗೆ ಮ್ಯಾರಥಾನ್ ಇಟ್ಟಿದೆಯೆಂದು ಗೊತ್ತಾಯಿತು. ಹೆಸರು ಕೊಟ್ಟೆ. ನಲವತ್ತೇಳು ತುಂಬುವ ಮೊದಲು ನಲವತ್ತೆರಡು ಕಿಲೋಮೀಟರ್ ತಡೆಯುವ ಎದೆ ನನ್ನದೆಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಅದನ್ನು ಸಾಧಿಸಿದರೆ ಹೆದರಿಕೆ ಹೋಗುತ್ತದೆಂದು ನಂಬಿದ್ದೆ. ನಗಬೇಕೆನ್ನಿಸಿದರೆ ನಗಬಹುದು, ಆಗ ನನಗೆ ಅದು ನಗುವ ವಿಷಯವಾಗಿರಲಿಲ್ಲ.

ಹೆಂಡತಿ ಓಡಬೇಡಿ ಎಂದು ಒಮ್ಮೆಯೂ ಹೇಳಲಿಲ್ಲ. ಹೇಳುತ್ತಿದ್ದದ್ದು ಬೇರೆ ಮಾತು. "ಇವತ್ತು ಗಾಳಿಯಲ್ಲಿ ಧೂಳುಂಟು." "ನಿನ್ನೆ ಕೆಮ್ಮುತ್ತಿದ್ರಿ." "ಇವತ್ತೊಂದು ದಿನ ಮಲಗಿ ಆಯ್ತಾ." ನಾವು ಮನೆಯಲ್ಲಿ ಕೊಂಕಣಿ ಮಾತಾಡುವವರು, ಅವಳ ಮಾತನ್ನು ನಮ್ಮ ಊರಿನ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ನಾನು ಅವುಗಳನ್ನೆಲ್ಲ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಆದರೆ ಒಂದೊಂದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಅಕ್ಟೋಬರ್‌ನಲ್ಲಿ ವಾರದ ಓಟವನ್ನು ಒಮ್ಮೆಗೇ ಹೆಚ್ಚಿಸಿದೆ. ತಿಂಗಳ ಕೊನೆಗೆ ಬಲಗಾಲಿನ ಎಲುಬಿನ ಒಳಮಗ್ಗುಲಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ಓಡಿದ ಮೇಲೆ, ಆಮೇಲೆ ಓಡುವಾಗ, ಕೊನೆಗೆ ಮೆಟ್ಟಿಲಿಳಿಯುವಾಗಲೂ. ಒಂದೇ ಜಾಗ, ಬೆರಳಿಟ್ಟು ತೋರಿಸಬಹುದಿತ್ತು. ನಮ್ಮಲ್ಲಿ ಕಾಲಿಗೆ ಏನಾದರೂ ಅದು ನರವೇ. ನರ ಎಳೆದಿದೆ, ನರ ಏರಿದೆ, ನರ ಗಂಟಾಗಿದೆ. ನಾನೂ ನರವೆಂದೇ ತೀರ್ಮಾನಿಸಿ ಕರ್ಪೂರ ಹಾಕಿ ಬಿಸಿಮಾಡಿದ ತೆಂಗಿನೆಣ್ಣೆಯನ್ನು ಹದಿನೈದು ದಿನ ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದೆ. ಬಿರುಕು ಬಿಟ್ಟ ಎಲುಬಿಗೆ ಇದಕ್ಕಿಂತ ಕೆಟ್ಟ ಉಪಚಾರ ಇರಲಾರದು.

ರೂವಿಯ ಕ್ಲಿನಿಕ್ಕಿನ ಡಾಕ್ಟರು ಮಲಯಾಳಿ. ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ಒಂದು ಕಡೆ ತೋರಿಸಿ, "ಹೇರ್‌ಲೈನ್" ಎಂದರು. ನನಗೆ ಏನೂ ಕಾಣಲಿಲ್ಲ. ಆರು ವಾರ ಓಟ ಬಂದ್, ಆಮೇಲೆ ನಿಧಾನವಾಗಿ ಶುರುಮಾಡಿ, ಎಂದರು. ಜನವರಿಯ ಓಟದ ವಿಷಯ ಹೇಳಿದೆ. ಅವರು ಕ್ಯಾಲೆಂಡರ್ ನೋಡಿ, ಆರು ವಾರ ಪೂರ್ತಿ ಕಾದರೆ ಆ ದಿನ ಕುಂಟದೆ ಮುಗಿಸಬಹುದು, ಒಂದು ವಾರ ಕಡಿಮೆ ಮಾಡಿದರೂ ತಾನು ಜವಾಬ್ದಾರನಲ್ಲ ಎಂದರು. ಡಿಸೆಂಬರ್ ಕೊನೆಯವರೆಗೆ ಕಾಯಬೇಕು, ಅಷ್ಟೇ ತಾನೆ ಅಂದುಕೊಂಡೆ.

ಮೂಳೆಯ ಬಿರುಕು ಏನೆಂದು ನನಗೆ ನಿಜಕ್ಕೂ ಅರ್ಥ ಮಾಡಿಸಿದವರು ಡಾಕ್ಟರಲ್ಲ, ನಮ್ಮ ಸ್ಟೋರಿನ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್. ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು, ನನಗಿಂತ ಹತ್ತು ವರ್ಷ ದೊಡ್ಡವರು. ನಮ್ಮ ಕಡೆ ಕ್ರಿಶ್ಚಿಯನರನ್ನು ಕರೆಯುವಂತೆ ಅವರು ನನ್ನನ್ನು ಪೊರ್ಬುಗಳೇ ಎನ್ನುತ್ತಿದ್ದರು. ನಾನು ಅವರನ್ನು ಬ್ಯಾರಿಗಳೇ ಎನ್ನುತ್ತಿದ್ದೆ. ನನ್ನ ಕುಂಟು ನಡಿಗೆ ಕಂಡು ಕಾರಣ ಕೇಳಿದರು. ಹೇರ್‌ಲೈನ್ ಎಂದದ್ದೇ ತಡ, ಒಳಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲಿದ್ದ ಲಾರಿ ಎಂಜಿನ್ನಿನ ಹೆಡ್, ಅಂದರೆ ಮೇಲಿನ ಕಬ್ಬಿಣದ ಮುಚ್ಚಳ, ತೋರಿಸಿದರು. ನುಣ್ಣಗಿತ್ತು. ಅದಕ್ಕೆ ಸೀಮೆಎಣ್ಣೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಲ್ಲಿ ಒಣಗುವಂತೆ ಒರೆಸಿ, ಮೇಲೆ ಚಾಕಿನ ಪುಡಿ ಉದುರಿಸಿದರು. ನಾವು ಒಂದು ಚಹಾ ಕುಡಿಯುವಷ್ಟರಲ್ಲಿ ಬಿಳಿ ಪುಡಿಯ ಮೇಲೆ ತೆಳ್ಳಗೆ ಒಂದು ಒದ್ದೆ ಗೆರೆ ಎದ್ದು ಬಂತು.

"ಕಂಡಿತಾ ಪೊರ್ಬುಗಳೇ? ತಣ್ಣಗೆ ಕೂತಿದ್ರೆ ಇದು ಎಂಥದ್ದೂ ಇಲ್ಲದ ಹಾಗೆ ಇರ್ತದೆ. ಗಾಡಿ ರೋಡಿಗೆ ಇಳಿದು ಬಿಸಿಯಾಯ್ತಾ, ಬಾಯಿ ಬಿಡ್ತದೆ. ಆಮೇಲೆ ಖಲಾಸ್." ಹೆಡ್ಡನ್ನು ಬದಿಗೆ ಸರಿಸಿ ಅವರು ಕೈ ಒರೆಸಿಕೊಂಡರು. "ನಿಮ್ಮದಕ್ಕಾದರೆ ಕೂಡಿಕೊಳ್ಳುವ ಗುಣ ಉಂಟು. ಕಬ್ಬಿಣಕ್ಕೆ ಅದೂ ಇಲ್ಲ ಮಾರಾಯ್ರೆ."

ಮೊದಲ ಮೂರು ವಾರ ನಾನು ಶಿಸ್ತಿನ ರೋಗಿ. ಎದೆಯ ದಮ್ಮು ಇಳಿಯಬಾರದೆಂದು ಅಲ್ಲಿ ವಾರದ ರಜೆಯಾದ ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಕುರುಮ್ ಕಡಲಿಗೆ ಹೋಗಿ, ಎದೆಮಟ್ಟದ ನೀರಿನಲ್ಲಿ ನಿಂತು ಓಡಿದಂತೆ ಕಾಲಾಡಿಸುತ್ತಿದ್ದೆ. ನೀರಿನಲ್ಲಿ ಎಲುಬಿನ ಮೇಲೆ ಭಾರ ಬೀಳುವುದಿಲ್ಲ. ದಡದಲ್ಲಿ ಕೂತ ಮಗಳು, "ಡ್ಯಾಡಿ, ಎವ್ರಿಬಡಿ ಈಸ್ ಲುಕಿಂಗ್" ಎಂದು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಸ್ಟೋರಿನಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಬ್ರೇಕ್ ಡ್ರಮ್ ಎತ್ತಿ ಇಳಿಸುತ್ತಿದ್ದೆ. ಮೂರನೇ ವಾರದ ಕೊನೆಗೆ ಮೆಟ್ಟಿಲಿಳಿಯುವ ನೋವು ಹೋಯಿತು. ಬೆರಳಲ್ಲಿ ಒತ್ತಿದರೆ ಮಾತ್ರ ಇದೆಯೋ ಇಲ್ಲವೋ ಎಂಬಷ್ಟು.

ಆಗ ಬಂತು ಅತ್ತೆಯ ಕ್ಯಾಸೆಟ್. ಫೋನು ದುಬಾರಿಯಾಗಿದ್ದ ಆ ದಿನಗಳಲ್ಲಿ ನಮ್ಮವರು ಕಾಗದದ ಬದಲು ಟೇಪಿನಲ್ಲಿ ಮಾತಾಡಿ, ಊರಿನಿಂದ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಹೆಂಡತಿ ಅದನ್ನು ಬಂದ ದಿನವೇ ಅಡುಗೆ ಮಾಡುತ್ತ ಕೇಳಿದ್ದಳು. ಮರುದಿನ ಸಂಜೆ ಅವಳು ಹಾಡಿನ ಅಭ್ಯಾಸಕ್ಕೆ ಚರ್ಚಿಗೆ ಹೋಗಿದ್ದಾಗ ನಾನು ಹಾಕಿದೆ. ಅತ್ತೆ ಅಡುಗೆಮನೆಯಲ್ಲೇ ಕೂತು ಮಾತಾಡಿದ್ದರು. ಹಪ್ಪಳ ಕಳಿಸಿದ್ದು, ಯಾರದೋ ಮದುವೆ, ಬಾವಿಯ ರಾಟೆ, ಹೀಗೆ ಸಾಗಿ ನನ್ನ ಕಾಲಿಗೆ ಬಂದರು. "ಅಳಿಯಂದಿರ ಕಾಲಿಗೆ ನೀನು ಹರಕೆ ಹೇಳಿದ್ದು ಇಗರ್ಜಿಯ ಪೂಜೆಯಲ್ಲಿ ನಾನೂ ನೆನೆಸಿಕೊಂಡಿದ್ದೇನೆ. ಕಾಲು ಗುಣ ಆದ್ರೆ ಓಡ್..." ಇಲ್ಲಿ ಟೇಪಿನೊಳಗೆ ಅವರ ಕುಕ್ಕರ್ ಸೀಟಿ ಹೊಡೆಯಿತು. "...ಬಿಡುವುದು ಅಂತ ಅಲ್ವಾ ನೀನು ಹೇಳಿದ್ದು? ಒಳ್ಳೆದಾಯ್ತು ಮಗಾ."

ನಮ್ಮ ಕೊಂಕಣಿಯ 'ಸೊಡ್ಚೆಂ' ಕೂಡ ಕನ್ನಡದ 'ಬಿಡುವುದು' ಇದ್ದ ಹಾಗೆಯೇ. ಸಿಗರೇಟು ಬಿಡುವುದೂ ಬಿಡುವುದೇ, ಮಕ್ಕಳನ್ನು ಆಟಕ್ಕೆ ಬಿಡುವುದೂ ಬಿಡುವುದೇ. ನನ್ನ ಕಿವಿ ಸೀಟಿಯ ಜಾಗದಲ್ಲಿ ತನಗೆ ಬೇಕಾದದ್ದನ್ನು ತುಂಬಿಕೊಂಡಿತು. ಕಾಲು ಗುಣವಾದರೆ ಓಡುವುದು ಬಿಡುವುದು. ನನ್ನ ಕಾಲನ್ನು, ನನ್ನ ಓಟವನ್ನು, ನನ್ನನ್ನು ಒಂದು ಮಾತೂ ಕೇಳದೆ ಹರಕೆಗೆ ಹಾಕಿಬಿಟ್ಟಿದ್ದಾಳೆ. ಧೂಳು, ಕೆಮ್ಮು, ಇವತ್ತೊಂದು ದಿನ ಮಲಗಿ ಎಂದದ್ದೆಲ್ಲ ಆಗ ಒಂದೇ ಸಾಲಿಗೆ ಬಂದು ನಿಂತವು.

ಕೇಳಬಹುದಿತ್ತು. ಆದರೆ ಒಬ್ಬರ ಹರಕೆಯನ್ನು ಇನ್ನೊಬ್ಬರು ಕೆದಕಬಾರದೆಂಬ ಪದ್ಧತಿ ನಮ್ಮಲ್ಲಿದೆ. ತೀರಿಸುವವರೆಗೆ ಅದು ಹೇಳಿಕೊಂಡವರ ಮತ್ತು ದೇವರ ನಡುವಿನದು. ಅದನ್ನು ನೆಪ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ನಾನು ಕೇಳಿ ಜಗಳವಾಡುವವನಲ್ಲ, ಕೇಳದೆ ಮುಖ ಊದಿಸಿಕೊಳ್ಳುವವನು. ಊಟಕ್ಕೆ ಕೂತರೆ ತಟ್ಟೆ ನೋಡಿಯೇ ಉಣ್ಣುತ್ತಿದ್ದೆ. ಕಾಲು ಹೇಗುಂಟು ಎಂದು ಅವಳು ಕೇಳಿದರೆ, ಇದೆ ಎನ್ನುತ್ತಿದ್ದೆ. ಗುಣವಾಗಿದೆ ಎಂದು ಹೇಳಿದರೆ ಹರಕೆ ಜಾರಿಗೆ ಬರುತ್ತದಲ್ಲ.

ನಾಲ್ಕನೇ ವಾರ ಓಡಲು ಶುರುಮಾಡಿದೆ. ಬಂದರಿನಿಂದ ಕಂಟೇನರ್ ಬಂದಿದೆ, ಬೇಗ ಇಳಿಸಬೇಕು ಎಂದು ಮನೆಯಲ್ಲಿ ಸುಳ್ಳು ಹೇಳಿ ಟ್ಯಾಕ್ಸಿ ಹಿಡಿದು ಘಾಲಾಕ್ಕೆ ಹೋಗಿ, ಗ್ಯಾರೇಜುಗಳ ಬಾಗಿಲು ತೆರೆಯುವ ಮೊದಲು ಅವುಗಳ ನಡುವಿನ ರಸ್ತೆಗಳಲ್ಲಿ ಓಡುತ್ತಿದ್ದೆ. ಮೊದಲ ದಿನ ಮೂರು ಕಿಲೋಮೀಟರ್, ಒಂದು ದಿನ ಬಿಟ್ಟು ಐದು. ನೋವಿರಲಿಲ್ಲ. ಗ್ಯಾರೇಜಿನ ಹಿಂದಿನ ಕೋಣೆಯಲ್ಲೇ ಇರುತ್ತಿದ್ದ ಬ್ಯಾರಿಗಳು ಹಲ್ಲುಜ್ಜುತ್ತ ಹೊರಗೆ ನಿಂತು ನೋಡಿದರು. ಮರುದಿನ ನನ್ನ ಮೇಜಿನ ಮುಂದೆ ಬಂದು, "ಆರು ವಾರ ಇಷ್ಟು ಬೇಗ ಆಯ್ತಾ?" ಎಂದರು. ನಾನು ಬಿಲ್ ಪುಸ್ತಕದಿಂದ ತಲೆ ಎತ್ತಲಿಲ್ಲ. ಅವರು ತಮಗೆ ಬೇಕಿದ್ದ ಫಿಲ್ಟರ್ ತೆಗೆದುಕೊಂಡು ಹೋದರು.

ಆ ಶುಕ್ರವಾರ ತಿಂಗಳಿಗೊಮ್ಮೆ ನಡೆಯುವ ಕೊಂಕಣಿ ಪೂಜೆ. ಮುಗಿದ ಮೇಲೆ ಹೆಂಡತಿ ಹೆಂಗಸರ ಜೊತೆ ಮಾತಿಗೆ ನಿಂತಿದ್ದಾಗ ನಾನು ಪಾದ್ರಿಗಳನ್ನು ಹುಡುಕಿಕೊಂಡು ಹೋದೆ. ನಮ್ಮ ಕಡೆಯವರೇ, ಅವಸರದ ಮನುಷ್ಯ. ಸುತ್ತಿ ಬಳಸಿ ಕೇಳಿದೆ: ಒಬ್ಬ ಹೆಂಡತಿ ಗಂಡನನ್ನು ಕೇಳದೆ, ಗಂಡ ಇಂಥದ್ದನ್ನು ಬಿಡುತ್ತಾನೆಂದು ಹರಕೆ ಹೇಳಿದರೆ, ಗಂಡ ಅದನ್ನು ಪಾಲಿಸಬೇಕೇ?

"ಎಂಥ, ಕುಡಿತವಾ?" ಎಂದರು ಅವರು.

"ಅಲ್ಲ ಫಾದರ್. ಬೇರೆ ಒಂದು ಅಭ್ಯಾಸ."

"ಹರಕೆ ಹೇಳಿದವರನ್ನು ಮಾತ್ರ ಕಟ್ಟುದು. ಬೇರೆಯವರನ್ನು ಕಟ್ಟುದಿಲ್ಲ. ಹೆಂಡತಿ ತಾನು ಮಾಡುವುದನ್ನು ಹೇಳಿಕೊಳ್ಳಬಹುದು, ಗಂಡ ಮಾಡುವುದನ್ನು ಅಲ್ಲ." ಅವರು ಗಡಿಯಾರ ನೋಡಿಕೊಂಡರು. "ಆದರೆ ಮನೆಯಲ್ಲಿ ಕೂತು ಮಾತಾಡಿ. ಅಷ್ಟು ದೊಡ್ಡ ಹರಕೆ ಹೇಳಬೇಕಾದರೆ ಅವರಿಗೆ ಏನೋ ಕಷ್ಟ ಇರಬೇಕು."

ಮೊದಲ ಅರ್ಧವನ್ನು ಕೈಯಲ್ಲಿ ಹಿಡಿದುಕೊಂಡು, ಎರಡನೆಯ ಅರ್ಧವನ್ನು ಚರ್ಚಿನ ಅಂಗಳದಲ್ಲೇ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಹದಿನಾರು ಕಿಲೋಮೀಟರ್ ಎಂದು ಹೊರಟೆ. ಲೆಕ್ಕದ ಪ್ರಕಾರ ಐದನೇ ವಾರದ ಮೊದಲ ದಿನ. ಗಾಳಿ ತಂಪಾಗಿತ್ತು, ಉಸಿರು ಹಗುರವಾಗಿತ್ತು, ನಾನು ಯಾರದೋ ಹಿಡಿತದಿಂದ ಬಿಡಿಸಿಕೊಂಡವನ ಹಾಗೆ ಓಡಿದೆ. ಎಷ್ಟನೆಯ ಸುತ್ತೋ ತಿಳಿಯದು, ಗೋದಾಮೊಂದರ ಗೋಡೆ ತಿರುಗುವಾಗ ಕಾಲಿನಲ್ಲಿ ಏನೋ ಚಟ್ಟೆಂದಿತು. ಸದ್ದು ಕೇಳಿಸಿತೋ, ಕೇಳಿಸಿತೆಂದು ಅನ್ನಿಸಿತೋ ಹೇಳಲಾರೆ. ಮುಂದಿನ ಹೆಜ್ಜೆ ಊರಲಾಗಲಿಲ್ಲ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ. ನೋವಿಗಿಂತ ಮೊದಲು ಬಂದದ್ದು ನಾಚಿಕೆ. ದೂರದಿಂದ ಕಂಡ ಬ್ಯಾರಿಗಳೇ ಪಿಕಪ್ ತಂದು, ನನ್ನ ಕಂಕುಳಿಗೆ ಕೈ ಕೊಟ್ಟು ಹತ್ತಿಸಿದರು. ಕ್ಲಿನಿಕ್ಕಿನವರೆಗೂ ಹಳ್ಳ ತಪ್ಪಿಸಿ ನಿಧಾನವಾಗಿ ಓಡಿಸಿದರು. ಒಳ್ಳೆಯವರು.

ಈ ಸಲ ಎಕ್ಸ್‌ರೇಯ ಗೆರೆ ನನಗೂ ಕಂಡಿತು. ಎಲುಬಿನ ಅಡ್ಡಕ್ಕೆ ಹೋಗಿತ್ತು. ಡಾಕ್ಟರು ಬಯ್ಯಲಿಲ್ಲ. ಮೊಣಕಾಲಿನ ಮೇಲಿನವರೆಗೆ ಪ್ಲಾಸ್ಟರ್ ಹಾಕಿ, ಮ್ಯಾರಥಾನಿನ ತಾರೀಖು ಕೇಳಿ, ಅದಾದ ಒಂದು ವಾರದ ಮೇಲಿನ ತಾರೀಖನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅದು ಪ್ಲಾಸ್ಟರ್ ತೆಗೆಯುವ ದಿನ.

ಹೆಂಡತಿ ಶಾಲೆಯಿಂದ ಬರುವಾಗ ಎರಡು ಗಂಟೆ. ನಾನು ಸೋಫಾದಲ್ಲಿ ಕಾಲು ಚಾಚಿ ಕೂತಿದ್ದೆ. ಅವಳು ಪ್ಲಾಸ್ಟರ್ ನೋಡಿದಳು, ಚಪ್ಪಲಿ ಬಿಟ್ಟಳು, ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಹತ್ತಿರ ಇಟ್ಟಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಫಾದರ್ ಹೇಳಿದ್ದಾರೆ. ನಿನ್ನ ಹರಕೆ ನನ್ನನ್ನು ಕಟ್ಟುದಿಲ್ಲ."

"ಯಾವ ಹರಕೆ?"

"ನಾನು ಓಡುವುದು ಬಿಡುವ ಹರಕೆ. ನಿನ್ನ ಅಮ್ಮ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ."

ಅವಳು ಟೇಪ್‌ರೆಕಾರ್ಡರ್ ತಂದು ಎದುರಿಗಿಟ್ಟು, ಹಿಂದೆ ಮುಂದೆ ಓಡಿಸಿ, ಆ ಜಾಗ ಹುಡುಕಿ ಹಾಕಿದಳು. ಓಡ್, ಸೀಟಿ, ಬಿಡುವುದು. ಇನ್ನೊಮ್ಮೆ ಹಾಕಿದಳು. ಆಮೇಲೆ ನಿಲ್ಲಿಸಿದಳು.

"ಅಮ್ಮ ಹೇಳಿದ್ದು ಓಡ್ಲಿಕ್ಕೆ ಬಿಡುವುದು ಅಂತ. ನಾನು ಹೇಳಿಕೊಂಡದ್ದೂ ಅದನ್ನೇ. ಕಾಲು ಗುಣ ಆದ್ರೆ ನಾನು ನಿಮ್ಮನ್ನು ಓಡ್ಲಿಕ್ಕೆ ಬಿಡುವುದು."

ನನಗೆ ಕೂಡಲೇ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. "ಅದಕ್ಕೆ ಹರಕೆ ಯಾಕೆ? ಬಿಡುವುದಾದರೆ ಸುಮ್ಮನೆ ಬಿಡಬಹುದಲ್ಲ" ಎಂದೆ.

"ಸುಮ್ಮನೆ ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ." ಅವಳ ದನಿ ಏರಲಿಲ್ಲ, ಶಾಲೆಯಲ್ಲಿ ಇವತ್ತು ಏನಾಯಿತೆಂದು ಹೇಳುವ ಹಾಗೆಯೇ ಇತ್ತು. "ನೀವು ಬೆಳಿಗ್ಗೆ ಬಾಗಿಲು ಎಳೆದುಕೊಂಡು ಹೋದ ಕೂಡ್ಲೆ ನನಗೆ ಬಾವ ಕೈ ತೊಳೀಲಿಕ್ಕೆ ಎದ್ದದ್ದೇ ಕಣ್ಣೆದುರು ಬರ್ತದೆ. ದಿನಾ ಬರ್ತದೆ. ಓಡಬೇಡಿ ಅಂತ ಬಾಯಿ ತುದಿಗೆ ಬಂದಿರ್ತದೆ. ಹೇಳಿದ್ರೆ ನೀವು ಓಡುವುದು ನಿಲ್ಲಿಸ್ತೀರಿ, ನನಗೆ ಗೊತ್ತುಂಟು. ನಿಲ್ಲಿಸಿದ್ರೆ ಹೆದರಿಕೊಂಡು ಮನೆಯಲ್ಲಿ ಕೂತುಕೊಳ್ತೀರಿ. ಅದನ್ನು ನಾನು ನೋಡಲಾರೆ. ಅದಕ್ಕೇ ನನ್ನ ಬಾಯಿಗೆ ನಾನೇ ಹರಕೆ ಕಟ್ಟಿಕೊಂಡದ್ದು."

ನಾನು ಲೋಟದ ನೀರು ಕುಡಿದೆ. ಹರಕೆ ಹೇಳಿದವರನ್ನು ಮಾತ್ರ ಕಟ್ಟುತ್ತದೆ ಎಂದು ಪಾದ್ರಿಗಳು ಹೇಳಿದ್ದನ್ನು ಒಂದು ದಿನ ಇಡೀ ಗೆದ್ದವನಂತೆ ಹೊತ್ತು ತಿರುಗಿದ್ದೆ. ಕಟ್ಟಿಹಾಕಿಕೊಂಡವಳು ಅವಳೇ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಅವಳು, "ಊಟ ಮಾಡಿದ್ರಾ?" ಎಂದು ಕೇಳಿದಳು.

ಜನವರಿಯ ಕೊನೆಯ ಆ ಶುಕ್ರವಾರ ನಾನು ಕಿಟಕಿಯ ಪಕ್ಕ ಕೂತಿದ್ದೆ. ಎಂಟರ ಹೊತ್ತಿಗೆ ಮ್ಯಾರಥಾನಿನವರು ಅರ್ಧ ದಾರಿ ದಾಟಿರಬೇಕು, ಹತ್ತಕ್ಕೆ ಹೆಚ್ಚಿನವರು ಮುಗಿಸಿರಬೇಕು ಎಂದೆಲ್ಲ ಅಂದಾಜು ಹಾಕಿದೆ. ಬಹಳ ಬೇಸರವಾಯಿತು. ಬೇಸರವಾಗಿದೆಯೆಂದು ಅವಳಿಗೆ ಹೇಳಿದೆ ಸಹ. ಮುಂದಿನ ವರ್ಷ ಆ ಕೂಟದ ಮುಖ್ಯಸ್ಥರು ಕಾಂಟ್ರಾಕ್ಟ್ ಮುಗಿಸಿ ತಮ್ಮ ದೇಶಕ್ಕೆ ಹೋದರು, ಓಟ ನಡೆಯಲಿಲ್ಲ. ಆಮೇಲೆ ನಡೆದಾಗ ನನಗೆ ಹೆಸರು ಕೊಡಬೇಕೆನ್ನಿಸಲಿಲ್ಲ. ನಲವತ್ತೆರಡು ಕಿಲೋಮೀಟರನ್ನು ನಾನು ಇವತ್ತಿನವರೆಗೆ ಓಡಿಲ್ಲ.

ಪ್ಲಾಸ್ಟರ್ ತೆಗೆದಾಗ ಕಾಲು ಕೋಲಿನಷ್ಟಾಗಿತ್ತು. ಮಾರ್ಚಿನಲ್ಲಿ ನಡೆದೆ, ಆಮೇಲೆ ಬಿಸಿಲು ಬಂತು, ಬೇಸಿಗೆ ಹೀಗೇ ಕಳೆಯಿತು. ಕಾಲು ಪೂರ್ತಿ ಕೂಡಿದೆಯೆಂದು ಡಾಕ್ಟರು ಹೇಳಿದ ಮೇಲೂ ನಾನು ಬೂಟು ತೊಡಲಿಲ್ಲ. ಅವಳಿಗೆ ಒಂದು ದಿನ ಹೇಳಿಯೂ ಬಿಟ್ಟೆ: ಇನ್ನು ಓಟ ಬೇಡ, ನೀನು ನೆಮ್ಮದಿಯಾಗಿರು. ಅದು ತ್ಯಾಗವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಸೋಮಾರಿತನವೂ ಸ್ವಲ್ಪ ಇತ್ತು, ಮತ್ತೆ ಮುರಿದರೆ ಎಂಬ ಭಯ ಬಹಳ ಇತ್ತು.

ಅಕ್ಟೋಬರ್‌ನ ಮೊದಲ ತಂಪು ಬೆಳಿಗ್ಗೆ ಐದಕ್ಕೆ ಅವಳು ನನ್ನ ಭುಜ ಹಿಡಿದು ಅಲುಗಾಡಿಸಿದಳು.

"ಏಳಿ. ಓಡ್ಲಿಕ್ಕೆ ಹೋಗಿ."

"ಬೇಡವೆಂದು ಹೇಳಿದೆನಲ್ಲ."

"ನೀವು ಹೇಳಿದ್ದು ನಿಮ್ಮದು. ಹರಕೆ ನನ್ನದು. ಕಾಲು ಗುಣ ಆಗಿದೆ."

ಹೋದೆ. ಕಣಿವೆ ಶುರುವಾಗುವಲ್ಲಿಯವರೆಗೆ ನಿಧಾನವಾಗಿ ಓಡಿ, ಅಲ್ಲಿಂದ ತಿರುಗಿ ಬಂದೆ. ಮುಕ್ಕಾಲು ಗಂಟೆ ಹಿಡಿದಿರಬೇಕು. ಕಾಲಿಗೆ ಏನೂ ಆಗಲಿಲ್ಲ. ಕಟ್ಟಡದ ಕೆಳಗೆ ಬಂದಾಗ ಅವಳು ಮೆಟ್ಟಿಲಿನ ಬುಡದಲ್ಲಿ, ಮನೆಯಲ್ಲಿ ಉಡುವ ಬಟ್ಟೆಯಲ್ಲೇ, ಬರಿಗಾಲಲ್ಲಿ ನಿಂತಿದ್ದಳು. ನಾನು ಹೊರಟಾಗಲೇ ಇಳಿದು ಬಂದಿದ್ದಾಳೆಂದು ಶೋರೂಮಿನ ಕಾವಲಿನವನು ಕೈಸನ್ನೆಯಲ್ಲಿ ತಿಳಿಸಿದಾಗ ಗೊತ್ತಾಯಿತು. ಅವಳು ಬೆವರಿನಲ್ಲಿ ಒದ್ದೆಯಾದ ನನ್ನ ಬನಿಯನ್ನಿನ ಮೇಲೆ, ಎದೆಯ ಎಡಕ್ಕೆ, ಅಂಗೈಯಿಟ್ಟಳು. ಬಡಿತ ಇಳಿಯುವವರೆಗೆ ಕೈ ತೆಗೆಯಲಿಲ್ಲ. ಆಮೇಲೆ, "ನಾಡಿದ್ದು ಪುನಃ ಎಬ್ಬಿಸ್ತೇನೆ" ಎಂದು ಹೇಳಿ, ಕೈಯನ್ನು ತನ್ನ ಬಟ್ಟೆಗೆ ಒರೆಸಿಕೊಂಡು, ನನಗಿಂತ ಮುಂದೆ ಮೆಟ್ಟಿಲು ಹತ್ತಿದಳು.